ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ಹೊಸ ಫೈಲು ಮಾತ್ರ ಹೋಗುವ ಹಾಗೆ ಮಾಡುವುದು ಹೇಗೆ?

ಕುಮಟಾದಲ್ಲಿ ಸ್ಟುಡಿಯೋ ಇದೆ, ಮದುವೆ ಮುಂಜಿ ಫೋಟೋಗಳ ಇಡೀ ಫೋಲ್ಡರನ್ನು ವಾರವಾರ ಹಾರ್ಡ್‌ಡಿಸ್ಕಿಗೆ ಎಳೆದು ಹಾಕುತ್ತೇನೆ, ರಾತ್ರಿಯಿಡೀ ಹಿಡಿಯುತ್ತದೆ, ಹೊಸದನ್ನಷ್ಟೇ ಕಳಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕಳಿಸಬಹುದು. ಶಿರಸಿಯಲ್ಲಿ ನನ್ನದೂ ಇದೇ ಕಸುಬು. ಇದಕ್ಕೆ ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರೂ ತರಬೇಕಿಲ್ಲ. ವಿಸ್ಟಾ ಕಾಲದಿಂದ ವಿಂಡೋಸ್ ಜೊತೆಗೇ ಬರುವ, ಫೈಲು ನಕಲು ಮಾಡುವ ರೋಬೋಕಾಪಿ ಎಂಬ ಕಮಾಂಡ್ ಸಾಕು.

ಕಮಾಂಡ್ ಪ್ರಾಂಪ್ಟ್ (ಕಮಾಂಡುಗಳನ್ನು ಟೈಪ್ ಮಾಡುವ ವಿಂಡೋ) ತೆರೆದು ಹೀಗೆ ಹೊಡೆಯಿರಿ (ಇಂಗ್ಲಿಷ್ ಅಕ್ಷರಗಳಲ್ಲಿ):

ರೋಬೋಕಾಪಿ ಡಿ:\ಫೋಟೋಸ್ ಎಫ್:\ಫೋಟೋಸ್ /ಇ /ಎಕ್ಸ್‌ಸಿ /ಎಕ್ಸ್‌ಎನ್ /ಎಕ್ಸ್‌ಓ /ಆರ್:1 /ಡಬ್ಲ್ಯೂ:1

ಮೊದಲನೆಯದು ಕಂಪ್ಯೂಟರಿನ ಫೋಲ್ಡರ್, ಎರಡನೆಯದು ಹಾರ್ಡ್‌ಡಿಸ್ಕಿನದು. ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. 'ಇ' ಅಂದರೆ ಒಳಗಿನ ಫೋಲ್ಡರುಗಳೂ ಸೇರಿ. ಎಕ್ಸ್‌ನಿಂದ ಶುರುವಾಗುವ ಮೂರೂ ಒಟ್ಟಿಗೆ ಇದ್ದರೆ, ಅದೇ ಜಾಗದಲ್ಲಿ ಅದೇ ಹೆಸರಿನ ಫೈಲು ಡಿಸ್ಕಿನಲ್ಲಿ ಆಗಲೇ ಇದ್ದಲ್ಲಿ ಅದನ್ನು ಮುಟ್ಟುವುದೇ ಇಲ್ಲ, ಇಲ್ಲದ್ದನ್ನು ಮಾತ್ರ ತುಂಬುತ್ತದೆ. ಕೊನೆಯ ಎರಡನ್ನು ಬಿಡಬೇಡಿ. ಅವಿಲ್ಲದಿರುವಾಗ ತೆರೆಯಲಾಗದ ಒಂದು ಫೈಲು ಸಿಕ್ಕಿದರೆ ರೋಬೋಕಾಪಿ ತನ್ನ ಪಾಡಿಗೆ 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತ ಕೂರುತ್ತದೆ. ಅಷ್ಟು ತಾಳ್ಮೆ ನಮಗೆ ಬೇಡ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬಹಳ ಮಂದಿ '/ಎಂಐಆರ್' ಹಾಕಿ ಎನ್ನುತ್ತಾರೆ. ನಮ್ಮ ಕೆಲಸಕ್ಕೆ ಅದು ಸಲ್ಲ ಮಾರಾಯ್ರೆ. ಅದು ಎರಡೂ ಕಡೆ ಒಂದೇ ಥರ ಇರುವ ಹಾಗೆ ಮಾಡುತ್ತದೆ. ಆಲ್ಬಂ ಕೊಟ್ಟಾದ ಮೇಲೆ ಜಾಗಕ್ಕೆಂದು ನೀವು ಕಂಪ್ಯೂಟರಿನಿಂದ ತೆಗೆದ ಮದುವೆಯನ್ನು ಮುಂದಿನ ಸಲ ಹಾರ್ಡ್‌ಡಿಸ್ಕಿನಿಂದಲೂ ಅಳಿಸಿಬಿಡುತ್ತದೆ. ಬರೆದದ್ದನ್ನು ತಾನಾಗಿ ಅಳಿಸುವ ವ್ಯವಸ್ಥೆಯನ್ನು ನಾನಂತೂ ಬ್ಯಾಕಪ್ ಎನ್ನುವುದಿಲ್ಲ.

ಆದರೆ 'ಹೊಸತು ಮಾತ್ರ' ಎನ್ನುವುದರಲ್ಲೂ ತೊಡಕುಗಳಿವೆ. ಯಾವುದು ಹೊಸತು ಎಂಬುದನ್ನು ಈ ಕಮಾಂಡ್ ಬರೀ ಹೆಸರು ಮತ್ತು ಜಾಗ ನೋಡಿ ತೀರ್ಮಾನಿಸುತ್ತದೆ. ಕ್ಯಾಮೆರಾದ ನಂಬರ್ 9999 ದಾಟಿದ ಮೇಲೆ ಮತ್ತೆ 0001ಕ್ಕೆ ಬರುತ್ತದಲ್ಲ. ನಮ್ಮಲ್ಲಿ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ. ಫೋಲ್ಡರಿಗೆ ಬರೀ 'ಮಾರಿಜಾತ್ರೆ' ಎಂದು ಹೆಸರಿಟ್ಟು, ಹಳೆಯದನ್ನು ಕಂಪ್ಯೂಟರಿನಿಂದ ತೆಗೆದು, ಮುಂದಿನ ಜಾತ್ರೆಯ ಫೋಟೋವನ್ನು ಅದೇ ಹೆಸರಿನಲ್ಲಿ ಹಾಕಿದಿರಿ ಅಂದುಕೊಳ್ಳಿ. ನಂಬರ್ ಕೂಡಿಬಂದ ಫೋಟೋಗಳು ಡಿಸ್ಕಿಗೆ ಹೋಗುವುದೇ ಇಲ್ಲ. ಆ ಮೂರು ಎಕ್ಸ್ ಇಲ್ಲದಿದ್ದರೆ ಇನ್ನೂ ಕಷ್ಟ, ಹೊಸ ಜಾತ್ರೆ ಹಳೆಯದರ ಮೇಲೆ ಕೂರುತ್ತದೆ. ಆದ್ದರಿಂದ ಪ್ರತಿ ಫೋಲ್ಡರಿನ ಹೆಸರಲ್ಲೂ ವರ್ಷ, ತಿಂಗಳು, ತಾರೀಖು ಇರಲಿ. ಒಮ್ಮೆ ಡಿಸ್ಕಿಗೆ ಹೋದ ಫೋಲ್ಡರಿನ ಹೆಸರನ್ನು ಬದಲಿಸಲೂ ಬೇಡಿ. ಬದಲಿಸಿದರೆ ಇಡೀ ಮದುವೆ ಇನ್ನೊಮ್ಮೆ ನಕಲಾಗುತ್ತದೆ.

ಫೋಟೋಶಾಪ್ ಫೈಲು, ಲೆಕ್ಕದ ಎಕ್ಸೆಲ್ ಇಂಥವನ್ನು ದಿನವೂ ತಿದ್ದುತ್ತೀರಿ. ಅವನ್ನು ಬೇರೆ ಫೋಲ್ಡರಿನಲ್ಲಿಟ್ಟು, ಅದಕ್ಕೆ ಆ ಮೂರು ಎಕ್ಸ್‌ಗಳಲ್ಲಿ /ಎಕ್ಸ್‌ಓ ಒಂದನ್ನೇ ಕೊಡಿ. ಆಗ ತಿದ್ದಿದ್ದು ಡಿಸ್ಕಿಗೆ ಹೋಗುತ್ತದೆ, ಡಿಸ್ಕಿನಲ್ಲಿ ಹೆಚ್ಚು ಹೊಸದಿದ್ದರೆ ಅದು ಉಳಿಯುತ್ತದೆ.

ಇನ್ನು ನಮ್ಮ ಮಳೆಗಾಲದ ಕರೆಂಟು. ನಕಲಾಗುವಾಗ ಕರೆಂಟು ಹೋದರೆ ಒಂದು ಫೈಲು ಅರ್ಧಕ್ಕೇ ನಿಲ್ಲಬಹುದು. ಆ ಅರ್ಧ ಫೈಲಿನ ಹೆಸರು ಡಿಸ್ಕಿನಲ್ಲಿ ಇರುವುದರಿಂದ ಮುಂದಿನ ಸಲ ರೋಬೋಕಾಪಿ ಅದನ್ನು ದಾಟಿ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾದಾಗ ಆ ಹೊತ್ತಿಗೆ ಹೋಗುತ್ತಿದ್ದ ಫೋಲ್ಡರನ್ನು ಡಿಸ್ಕಿನಿಂದ ಅಳಿಸಿ (ಕಂಪ್ಯೂಟರಿನಲ್ಲಿ ಅದು ಪೂರ್ತಿ ಇದೆ ಎಂದು ನೋಡಿಕೊಂಡು) ಮತ್ತೆ ಓಡಿಸಿ. ಲ್ಯಾಪ್‌ಟಾಪಿದ್ದರೆ ಈ ತಲೆಬಿಸಿ ಇಲ್ಲ, ಸಣ್ಣ ಹಾರ್ಡ್‌ಡಿಸ್ಕಿಗೂ ಅದರ ಬ್ಯಾಟರಿಯೇ ಕರೆಂಟು ಕೊಡುತ್ತದೆ. ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಸಿಡಿಲಿಗೂ ವೈರಸ್ಸಿಗೂ ಸಿಕ್ಕಿಸಿಟ್ಟ ಡಿಸ್ಕ್ ಒಂದೇ ತುತ್ತು.

ರಾತ್ರಿಯಿಡೀ ಹಿಡಿಯುವುದಕ್ಕೆ ಪೋರ್ಟೂ ಕಾರಣವಿರಬಹುದು. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಹೋದರೆ 500 ಜಿಬಿಗೆ ನಾಲ್ಕೂವರೆ ತಾಸು ಮೀರುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ ದೊಡ್ಡ ಫೈಲುಗಳು 100ರ ಹತ್ತಿರ ಓಡುತ್ತವೆ. ಡಿಸ್ಕಿನ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ವಿಡಿಯೋ ಹಿಡಿಸುವುದೇ ಇಲ್ಲ, ಎನ್‌ಟಿಎಫ್‌ಎಸ್ ಆಗಿರಲಿ.

ಕಮಾಂಡ್ ಬೇಡವೆನಿಸಿದರೆ ಫ್ರೀಫೈಲ್‌ಸಿಂಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು 'ಅಪ್‌ಡೇಟ್' ಆರಿಸಿ, 'ಮಿರರ್' ಅಲ್ಲ. 'ಅಪ್‌ಡೇಟ್' ಅಳಿಸುವುದಿಲ್ಲ, ಆದರೆ ತಿದ್ದಿದ ಫೈಲನ್ನು ಹಳೆಯದರ ಮೇಲೆ ಬರೆಯುತ್ತದೆ.

ಮೊದಲ ಸಲ ಕಮಾಂಡಿನ ಕೊನೆಗೆ /ಎಲ್ ಸೇರಿಸಿ ಓಡಿಸಿ. ಏನನ್ನೂ ನಕಲು ಮಾಡದೆ, ಯಾವುದು ಹೋಗಲಿದೆ ಎಂಬ ಪಟ್ಟಿ ಮಾತ್ರ ತೋರಿಸುತ್ತದೆ. ಹಳೆಯ ಮದುವೆಗಳೂ ಪಟ್ಟಿಯಲ್ಲಿ ಬಂದರೆ ನೀವು ಹಿಂದೆ ಎಳೆದು ಹಾಕಿದ್ದು ಡಿಸ್ಕಿನಲ್ಲಿ ಇನ್ನೊಂದು ಫೋಲ್ಡರಿನ ಒಳಗೆ ಇದೆ ಎಂದರ್ಥ. ಎರಡನೆಯ ವಿಳಾಸವನ್ನು ಅಲ್ಲಿಯವರೆಗೆ ತಿದ್ದಿ, ಮತ್ತೊಮ್ಮೆ ಪಟ್ಟಿ ನೋಡಿ, ಆಮೇಲೆ /ಎಲ್ ತೆಗೆಯಿರಿ.