ಈಟ್-26ರಲ್ಲಿ 20 ಅಂಕ ಬಂದವರನ್ನೆಲ್ಲ ರೋಗಿ ಎನ್ನಬೇಡಿ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದಾವಣಗೆರೆಯಲ್ಲಿ ಎಂ.ಎಸ್ಸಿ. ಸೈಕಾಲಜಿ ಕೊನೆಯ ವರ್ಷ ಓದುತ್ತಿದ್ದೀರಿ. ಪ್ರಾಜೆಕ್ಟ್‌ಗಾಗಿ ಎಂಬಿಬಿಎಸ್ ಹಾಸ್ಟೆಲ್ಲಿನ 200 ವಿದ್ಯಾರ್ಥಿಗಳಲ್ಲಿ ಈಟಿಂಗ್ ಡಿಸಾರ್ಡರ್ (ತಿನ್ನುವ ರೀತಿಯೇ ಕೆಡುವ ಮಾನಸಿಕ ಕಾಯಿಲೆ) ಎಷ್ಟು ಶೇಕಡಾ ಇದೆ ಎಂದು ನೋಡಬೇಕು. ಈ ಕಾಯಿಲೆಯ ಸುಳಿವು ಹುಡುಕುವ ಸ್ಕಾಫ್ ಮತ್ತು ಈಟ್-26 ಎಂಬ ಇಂಗ್ಲಿಷ್ ಪ್ರಶ್ನಾವಳಿಗಳನ್ನು ನೀವೇ ಕನ್ನಡಕ್ಕೆ ತಂದಿದ್ದೀರಿ, ಗೂಗಲ್ ಫಾರ್ಮ್ ಸಿದ್ಧವಿದೆ, ಕೈಯಲ್ಲಿ ಮೂರು ವಾರವಿದೆ. ಬೆನ್ನುನೋವಿನ ಸ್ಕೇಲೊಂದನ್ನೂ ಸೇರಿಸಲೇ ಎಂದು ಕೇಳಿದ್ದೀರಿ.

ಫಾರ್ಮ್ ಕಳಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ಶೀರ್ಷಿಕೆಯಲ್ಲಿರುವ ‘ಈಟಿಂಗ್ ಡಿಸಾರ್ಡರ್ ಪ್ರಮಾಣ’ ತೆಗೆದು ‘ಸ್ಕ್ರೀನಿಂಗ್‌ನಲ್ಲಿ ಪಾಸಿಟಿವ್ ಬಂದವರ ಪ್ರಮಾಣ’ ಎಂದು ಹಾಕಿ. ಸ್ಕ್ರೀನಿಂಗ್ ಎಂದರೆ ಕಾಯಿಲೆ ಇರಬಹುದಾದವರನ್ನು ಸೋಸುವ ಮೊದಲ ಜರಡಿ ಅಷ್ಟೇ. ಎರಡರ ನಡುವೆ ಎಷ್ಟು ದೂರವಿದೆ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಸ್ಕಾಫ್‌ನಲ್ಲಿ ಐದು ಪ್ರಶ್ನೆ, ಎರಡಕ್ಕೆ ‘ಹೌದು’ ಬಂದರೆ ಪಾಸಿಟಿವ್. 1999ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಮೊದಲು ಪರೀಕ್ಷಿಸಿದಾಗ ಕಾಯಿಲೆ ಇದ್ದವರಲ್ಲಿ ಶೇ. 100 ಮಂದಿ ಸಿಕ್ಕಿದರು. ಕಾಯಿಲೆ ಇಲ್ಲದವರಲ್ಲಿ ಶೇ. 87.5 ಮಂದಿಗೆ ಸರಿಯಾಗಿ ‘ಇಲ್ಲ’ ಎಂದು ಬಂತು. ಈಗ ನಿಮ್ಮ 200 ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು ಶೇ. 3 ಎಂದು ಇಟ್ಟುಕೊಳ್ಳೋಣ. ಅಂದರೆ 6 ಮಂದಿ. ಉಳಿದ 194ರಲ್ಲಿ ಶೇ. 12.5, ಹೆಚ್ಚು ಕಡಿಮೆ 24 ಮಂದಿ, ಸುಳ್ಳು ಪಾಸಿಟಿವ್ ಆಗುತ್ತಾರೆ. ಒಟ್ಟು 30 ಪಾಸಿಟಿವ್, ಅವರಲ್ಲಿ ಕಾಯಿಲೆ ಇರುವವರು ಆರೇ ಮಂದಿ. ‘ಶೇ. 15 ಮಂದಿಗೆ ಈಟಿಂಗ್ ಡಿಸಾರ್ಡರ್’ ಎಂದು ನೀವು ಬರೆದರೆ ಐದು ಪಟ್ಟು ಹೆಚ್ಚು ಹೇಳಿದ ಹಾಗಾಯಿತು. ಅಷ್ಟು ಒಳ್ಳೆಯ ಪ್ರಶ್ನಾವಳಿಯಲ್ಲೇ ಇಷ್ಟು ತಪ್ಪು. ಅನುವಾದ ಕೆಟ್ಟರೆ ಇದಕ್ಕಿಂತ ಕೆಡುತ್ತದೆ.

ಅನುವಾದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಪ್ರಾಜೆಕ್ಟ್‌ಗಳು ಸೋಲುವುದು ಇಲ್ಲೇ. ಸ್ಕಾಫ್‌ನ ಮೊದಲ ಪ್ರಶ್ನೆಯಲ್ಲಿ ‘ಸಿಕ್’ ಎಂಬ ಪದವಿದೆ. ನಿಘಂಟು ನೋಡಿ ‘ಕಾಯಿಲೆ’ ಎಂದು ಬರೆದರೆ ಪ್ರಶ್ನೆಯೇ ಸತ್ತಂತೆ. ಬ್ರಿಟಿಷರ ಮಾತಿನಲ್ಲಿ ಅದಕ್ಕೆ ವಾಂತಿ ಎಂದರ್ಥ. ‘ಹೊಟ್ಟೆ ತೀರಾ ತುಂಬಿ ತಡೆಯಲಾಗದೆ ನೀವಾಗಿಯೇ ವಾಂತಿ ಮಾಡಿಕೊಳ್ಳುತ್ತೀರಾ?’ ಎಂದು ಕೇಳಬೇಕು. ‘ನೀವಾಗಿಯೇ’ ಎಂಬ ಪದ ಬಿಟ್ಟರೆ ಪಿತ್ತ, ಬಸ್ಸಿನ ವಾಂತಿ ಎಲ್ಲವೂ ‘ಹೌದು’ ಆಗುತ್ತದೆ. ಮೂರನೆಯದರಲ್ಲಿ ಮೂರು ತಿಂಗಳಲ್ಲಿ ‘ಒಂದು ಸ್ಟೋನ್’ ತೂಕ ಇಳಿದಿದೆಯೇ ಎಂದಿದೆ. ಅದು 6.35 ಕೆ.ಜಿ. ‘6 ಕೆ.ಜಿ.ಗಿಂತ ಹೆಚ್ಚು’ ಎಂದು ಬರೆಯಿರಿ. ಕೊನೆಯದು ಊಟ ನಿಮ್ಮ ಬದುಕನ್ನು ಆಳುತ್ತಿದೆಯೇ ಎಂಬ ಅರ್ಥದ್ದು. ‘ಊಟವೇ ಜೀವನದಲ್ಲಿ ಮುಖ್ಯವೇ?’ ಎಂದು ಕೇಳಿದರೆ ನಮ್ಮ ಕಡೆ ಯಾರು ತಾನೇ ಅಲ್ಲ ಎಂದಾರು? ‘ಓದುವಾಗ, ಕ್ಲಾಸಿನಲ್ಲಿ, ಮಲಗುವಾಗ ಕೂಡ ಊಟದ ಯೋಚನೆಯೇ ತಲೆ ತುಂಬಿ ಬೇರೆ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ?’ ಎಂದರೆ ಮಾತ್ರ ಪ್ರಶ್ನೆ ಗುರಿ ಮುಟ್ಟುತ್ತದೆ.

ಮಾಡಬೇಕಾದ ಕ್ರಮ ಹೀಗೆ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಲಿ, ಒಬ್ಬರು ಸೈಕಾಲಜಿ ಬಲ್ಲವರು, ಇನ್ನೊಬ್ಬರು ಅರಿಯದವರು. ಎರಡನ್ನೂ ಹೊಂದಿಸಿ ಒಂದು ಮಾಡಿ. ಮೂಲವನ್ನು ನೋಡಿರದ ಇನ್ನಿಬ್ಬರು ಅದನ್ನು ಇಂಗ್ಲಿಷಿಗೆ ಹಿಂತಿರುಗಿಸಲಿ. ಎಲ್ಲಿ ಅರ್ಥ ಜಾರಿದೆಯೋ ಅಲ್ಲಿ ಮತ್ತೆ ಬರೆಯಿರಿ. ಆಮೇಲೆ 10ರಿಂದ 15 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ‘ಈ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ. ಮನೆಯಲ್ಲಿ ಉರ್ದು ಮಾತಾಡುವವರು, ಜಗಳೂರು, ಚಳ್ಳಕೆರೆ ಕಡೆಯವರು, ಬೆಂಗಳೂರಿನಿಂದ ಬಂದವರು ಎಲ್ಲ ಇರಲಿ. ಕೊನೆಗೆ 30 ಜನರಿಗೆ ಎರಡು ವಾರದ ಅಂತರದಲ್ಲಿ ಎರಡು ಸಲ ಕೊಟ್ಟು ಉತ್ತರ ಎಷ್ಟು ಸ್ಥಿರವಾಗಿದೆ ನೋಡಿ. ಈ 30 ಮಂದಿಯನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬೇಡಿ. ಹೊರರಾಜ್ಯದವರಿಗೆ ಇಂಗ್ಲಿಷ್ ಪ್ರತಿ ಕೊಟ್ಟರೆ ಯಾರು ಯಾವ ಭಾಷೆಯಲ್ಲಿ ತುಂಬಿದರು ಎಂದು ಗುರುತು ಮಾಡಿಕೊಳ್ಳಿ.

ಈಟ್-26ಕ್ಕೆ ಬರೋಣ. 1982ರ ಪ್ರಶ್ನಾವಳಿ, 26 ಪ್ರಶ್ನೆ, 20 ಅಥವಾ ಹೆಚ್ಚು ಬಂದರೆ ಪಾಸಿಟಿವ್. ವೈದ್ಯಕೀಯ ವಿದ್ಯಾರ್ಥಿಗೆ ಇದನ್ನು ಕೊಡುವಾಗ ವಿಶೇಷ ಎಚ್ಚರ ಬೇಕು. ‘ನಾನು ತಿನ್ನುವುದರಲ್ಲಿ ಎಷ್ಟು ಕ್ಯಾಲರಿ ಇದೆ ಎಂಬ ಅರಿವಿರುತ್ತದೆ’ ಎಂಬ ಹೇಳಿಕೆ ಇದೆ. ಬಯೋಕೆಮಿಸ್ಟ್ರಿ ಓದುತ್ತಿರುವ ಹುಡುಗಿ ‘ಯಾವಾಗಲೂ’ ಎಂದು ಗುರುತು ಹಾಕುತ್ತಾಳೆ, ಅಲ್ಲಿಗೆ 3 ಅಂಕ. ಸಕ್ಕರೆ, ಪಿಷ್ಟ ಬಿಡುತ್ತೇನೆ ಎಂಬ ಹೇಳಿಕೆಗಳಿಗೆ ಪಿಸಿಓಡಿ ಇರುವವರು, ಮಧುಮೇಹ ಇರುವವರು ವೈದ್ಯರ ಸಲಹೆಯಂತೆ ‘ಯಾವಾಗಲೂ’ ಎನ್ನುತ್ತಾರೆ. ಅಲ್ಲಿ ಇನ್ನೊಂದು 6. ‘ಹಸಿವಾದಾಗಲೂ ತಿನ್ನುವುದನ್ನು ತಪ್ಪಿಸುತ್ತೇನೆ’ ಎಂಬುದಕ್ಕೆ ವಾರ್ಡ್ ಪೋಸ್ಟಿಂಗ್‌ನಲ್ಲಿ ತಿಂಡಿ ತಪ್ಪಿದವರ ಉತ್ತರವೂ ಸೇರುತ್ತದೆ. ಇನ್ನು ‘ಬೇರೆಯವರು ತಿನ್ನು ತಿನ್ನು ಎಂದು ಒತ್ತಾಯಿಸುತ್ತಾರೆ’, ‘ನಾನು ಇನ್ನೂ ಹೆಚ್ಚು ತಿಂದರೆ ಅವರಿಗೆ ಇಷ್ಟ’, ‘ನಾನು ತೀರಾ ಸಣ್ಣ ಎನ್ನುತ್ತಾರೆ’ ಎಂಬ ಮೂರು ಹೇಳಿಕೆ. ಯಾವ ಕನ್ನಡದ ಮನೆಯಲ್ಲಿ ಅಮ್ಮ ‘ಇನ್ನೊಂದು ರೊಟ್ಟಿ ಹಾಕ್ಕೋ, ಕಡ್ಡಿ ಆಗೀಯ’ ಎನ್ನುವುದಿಲ್ಲ? ಸಹಜವಾಗಿ ತೆಳ್ಳಗಿರುವ, ಡಯೆಟ್ಟಿನ ಗಾಳಿಯೂ ಸೋಕದ ಹುಡುಗ ಇಲ್ಲಿಂದಲೇ 9 ಅಂಕ ಎತ್ತಿಕೊಳ್ಳುತ್ತಾನೆ. ‘ಆಹಾರವನ್ನು ಸಣ್ಣ ತುಂಡು ಮಾಡುತ್ತೇನೆ’ ಎಂಬುದಕ್ಕೂ ಕೈಯಲ್ಲಿ ರೊಟ್ಟಿ ಮುರಿದು ತಿನ್ನುವವರೆಲ್ಲ ‘ಹೌದು’ ಎನ್ನುತ್ತಾರೆ.

ಆದ್ದರಿಂದ ಒಟ್ಟು ಅಂಕ ಮಾತ್ರ ಕೊಡಬೇಡಿ. ಮೂರು ಉಪವಿಭಾಗಗಳನ್ನೂ ಬೇರೆಬೇರೆ ತೋರಿಸಿ: ಡಯೆಟಿಂಗ್ 13 ಹೇಳಿಕೆ, ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವಂಥದ್ದು) ಮತ್ತು ಊಟದ ಗುಂಗು 6, ಬಾಯಿ ಕಟ್ಟುವುದು 7. ಮೇಲೆ ಹೇಳಿದ ‘ತಿನ್ನು ತಿನ್ನು’, ‘ತೀರಾ ಸಣ್ಣ’ ಎಂಬ ಹೇಳಿಕೆಗಳು ಈ ಕೊನೆಯ ವಿಭಾಗದಲ್ಲೇ ಇವೆ. ನಿಮ್ಮಲ್ಲಿ ಕೊನೆಯದೇ ಹೆಚ್ಚು ಬಂದರೆ ಅದನ್ನು ಮನೆಯವರ ಅಕ್ಕರೆ ಎಂದು ಓದಬೇಕೇ, ಕಾಯಿಲೆ ಎಂದು ಓದಬೇಕೇ ಎಂಬ ಚರ್ಚೆಯೇ ನಿಮ್ಮ ಪ್ರಾಜೆಕ್ಟಿನ ಬೆಲೆಬಾಳುವ ಭಾಗವಾಗುತ್ತದೆ.

ಉಪವಾಸದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಸೇರಿಸಿ: ಏಕಾದಶಿ, ಸೋಮವಾರ, ರೋಜಾ ಹಿಡಿಯುತ್ತೀರಾ, ತಿಂಗಳಿಗೆ ಎಷ್ಟು ದಿನ, ಹಿಡಿಯುವ ಕಾರಣ ಏನು. ಕಾರಣ ಕೇಳುವುದು ಮುಖ್ಯ, ಏಕೆಂದರೆ ವ್ರತದ ಹೆಸರಿನಲ್ಲಿ ಊಟ ಬಿಡುವವರೂ ಇರುತ್ತಾರೆ. ರಮ್ಜಾನ್, ಶ್ರಾವಣ, ನವರಾತ್ರಿ, ಇಂಟರ್ನಲ್ಸ್ ವಾರ ಇವುಗಳಲ್ಲಿ ಫಾರ್ಮ್ ಕೊಡಬೇಡಿ. ದಪ್ಪಗಾಗುವ ಭಯವೇ ಇಲ್ಲದೆ ‘ಹೊಟ್ಟೆ ಉಬ್ಬರ’, ‘ಜೀರ್ಣ ಆಗಲ್ಲ’ ಎಂದು ಊಟ ಇಳಿಸಿ ಕರಗಿಹೋದವರ ಪ್ರಕರಣಗಳು ಭಾರತದಲ್ಲಿ ವರದಿಯಾಗಿವೆ. ಈಟ್-26 ಅಂಥವರನ್ನು ಕೈಬಿಡುವ ಸಾಧ್ಯತೆ ಹೆಚ್ಚು. ತೂಕ ಅಳೆಯುವುದು ಅದಕ್ಕೇ ಬೇಕು.

ಈಟ್-26ರಲ್ಲಿ ಬರುವ ‘ಬಿಂಜ್’ (ಕೈತಪ್ಪಿ ಮಿತಿಮೀರಿ ತಿನ್ನುವುದು) ಪದವನ್ನು ವಿವರಿಸದೆ ಬಿಟ್ಟರೆ ದಾವಣಗೆರೆಯಲ್ಲಿ ಎಲ್ಲರೂ ಪಾಸಿಟಿವ್. ಗೆಳೆಯರ ಜೊತೆ ಭಾನುವಾರ ನಾಲ್ಕು ಬೆಣ್ಣೆ ದೋಸೆ ಹೊಡೆದು ಮೇಲೊಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ತಿಂದರೆ ಅದು ಬಿಂಜ್ ಅಲ್ಲ. ಸುಮಾರು ಎರಡು ಗಂಟೆಯೊಳಗೆ, ಅದೇ ಸಂದರ್ಭದಲ್ಲಿ ಹೆಚ್ಚಿನವರು ತಿನ್ನುವುದಕ್ಕಿಂತ ನಿಶ್ಚಯವಾಗಿ ಜಾಸ್ತಿ ತಿಂದಿರಬೇಕು, ‘ನಿಲ್ಲಿಸಬೇಕೆಂದರೂ ನಿಲ್ಲಿಸಲಾಗಲಿಲ್ಲ’ ಎಂಬ ಭಾವ ಇರಬೇಕು. ಮಾನಸಿಕ ಕಾಯಿಲೆ ಗುರುತಿಸುವ ಅಮೆರಿಕದ ಕೈಪಿಡಿ, 2013ರ ಡಿಎಸ್ಎಂ-5 ಪ್ರಕಾರ ಇಂಥದ್ದು ಸರಾಸರಿ ವಾರಕ್ಕೊಮ್ಮೆ, ಮೂರು ತಿಂಗಳು ನಡೆದಿರಬೇಕು. ಪ್ರಮಾಣಕ್ಕಿಂತ ಕೈತಪ್ಪಿದ ಭಾವವನ್ನು ಮೊದಲು ಕೇಳಿ. ರೂಮಿನ ಬಾಗಿಲು ಹಾಕಿಕೊಂಡು ಬಚ್ಚಿಟ್ಟು ತಿಂದದ್ದು ಆಗ ಹೊರಬರುತ್ತದೆ.

ಈಟ್-26ಕ್ಕೆ ಅಂಕ ಹಾಕುವಾಗ: ಯಾವಾಗಲೂ 3, ಸಾಮಾನ್ಯವಾಗಿ 2, ಆಗಾಗ 1, ಉಳಿದ ಮೂರು ಆಯ್ಕೆಗೆ 0. ಆರು ಆಯ್ಕೆ ಎಂದು 0ರಿಂದ 5 ಹಾಕಿ ಕೆಟ್ಟ ಪ್ರಾಜೆಕ್ಟ್‌ಗಳಿವೆ. ಹೊಸ ರುಚಿಕಟ್ಟಾದ ತಿನಿಸು ಸವಿಯುವುದು ಇಷ್ಟ ಎಂಬ ಒಂದೇ ಹೇಳಿಕೆಗೆ ಅಂಕ ತಿರುವು ಮುರುವು. ಅದು ಒಂದು ಮುದ್ರಣದಲ್ಲಿ 25ನೆಯದು, ಇನ್ನೊಂದರಲ್ಲಿ 26ನೆಯದು. ಸಂಖ್ಯೆ ನೋಡದೆ ವಾಕ್ಯ ನೋಡಿ ತಿರುಗಿಸಿ. ಗರಿಷ್ಠ 78. ಅದಕ್ಕಿಂತ ಜಾಸ್ತಿ ಬಂದರೆ ಫಾರ್ಮುಲಾ ತಪ್ಪಿದೆ.

ಎಷ್ಟು ಜನ? ಪಾಸಿಟಿವ್ ಬರುವವರ ನಿರೀಕ್ಷೆ ಶೇ. 25, ತಪ್ಪಿನ ಮಿತಿ ಶೇ. 5 ಎಂದರೆ 3.84 × 0.25 × 0.75 ÷ 0.0025, ಅಂದರೆ 288 (3.84 ಎಂಬುದು ಶೇ. 95 ಖಚಿತತೆಗೆ ಬಳಸುವ ಸಂಖ್ಯೆ). ಕಾಲೇಜಿನಲ್ಲಿ ಒಟ್ಟು 600 ಮಂದಿಯಷ್ಟೇ ಇದ್ದರೆ ಅದು 195ಕ್ಕೆ ಇಳಿಯುತ್ತದೆ. ಶೇ. 15 ಮಂದಿ ಉತ್ತರಿಸುವುದಿಲ್ಲ ಎಂದು ಲೆಕ್ಕ ಹಾಕಿ 230 ಮಂದಿಯನ್ನು ಹಾಜರಿ ಪಟ್ಟಿಯಿಂದ ರ‍್ಯಾಂಡಮ್ ಆಗಿ ಆರಿಸಿ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರೆ ಊಟ-ತೂಕದ ಬಗ್ಗೆ ಮೊದಲೇ ಚಿಂತೆ ಇರುವವರೇ ಹೆಚ್ಚು ತುಂಬುತ್ತಾರೆ, ಲೆಕ್ಕವೆಲ್ಲ ವ್ಯರ್ಥ.

ಎಥಿಕ್ಸ್ ಕಮಿಟಿಯ ಅನುಮತಿ ಮೊದಲು. ಮೊದಲ ವರ್ಷದವರಲ್ಲಿ 17ರ ವಯಸ್ಸಿನವರು ಇರುತ್ತಾರೆ. ಅವರಿಗೆ ಪೋಷಕರ ಒಪ್ಪಿಗೆಯೂ ಬೇಕು, ಇಲ್ಲವೇ 18 ತುಂಬಿದವರನ್ನಷ್ಟೇ ತೆಗೆದುಕೊಳ್ಳಿ. ಇಂಟರ್ನಲ್ ಅಂಕ ಕೊಡುವ ಮೇಷ್ಟ್ರು ಕ್ಲಾಸಿನಲ್ಲಿ ಫಾರ್ಮ್ ಹಂಚಿದರೆ ಅದು ಒಪ್ಪಿಗೆಯಲ್ಲ, ಒತ್ತಡ. ಹೆಸರೇ ಇಲ್ಲದ ಗೂಗಲ್ ಫಾರ್ಮ್ ಸುರಕ್ಷಿತ ಅನಿಸುತ್ತದೆ. ಆದರೆ ದಿನಾ ವಾಂತಿ ಮಾಡಿಕೊಳ್ಳುತ್ತೇನೆ ಎಂದು ಒಬ್ಬಳು ಬರೆದರೆ ಅವಳನ್ನು ತಲುಪುವ ದಾರಿಯೇ ಇರುವುದಿಲ್ಲ. ಕಾಗದದ ಫಾರ್ಮ್, ಮೇಲೊಂದು ಕೋಡ್ ಸಂಖ್ಯೆ, ಹೆಸರು-ಕೋಡ್ ಪಟ್ಟಿ ಕಾಲೇಜಿಗೆ ಸಂಬಂಧವಿಲ್ಲದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬೀಗದಲ್ಲಿ ಇರಲಿ. ಹೀಗೆ ಇಟ್ಟಿದ್ದೇವೆ ಎಂದು ಒಪ್ಪಿಗೆ ಪತ್ರದಲ್ಲೇ ಬರೆಯಿರಿ.

ತೂಕವನ್ನು ಪ್ರಶ್ನಾವಳಿ ಮುಗಿದ ಮೇಲೆ ತೆಗೆದುಕೊಳ್ಳಿ. ಮೊದಲೇ ತೂಗಿದರೆ ಆ ಸಂಖ್ಯೆಯ ಗುಂಗಿನಲ್ಲೇ ಉತ್ತರ ಬರುತ್ತದೆ. ಬೇರೆ ಕೋಣೆ, ಒಬ್ಬೊಬ್ಬರೇ, ಚಪ್ಪಲಿ-ಮೊಬೈಲ್ ತೆಗೆದು, 100 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ. ಸಂಖ್ಯೆಯನ್ನು ಬಾಯಿಬಿಟ್ಟು ಓದಬೇಡಿ, ‘ಪರವಾಗಿಲ್ಲ, ಸಣ್ಣಗೇ ಇದ್ದೀರಿ’ ಎಂಬಂಥ ಮಾತಂತೂ ಖಂಡಿತ ಬೇಡ.

ಬೆನ್ನುನೋವಿನ ಸ್ಕೇಲ್ ಬಿಡಿ. ಬೆನ್ನುನೋವು ಬೇರೆಯೇ ವಿಷಯ, ಅದರ ಪ್ರಶ್ನೆಗಳು ಸೇರಿದರೆ ಫಾರ್ಮ್ 40 ನಿಮಿಷವಾಗಿ ಕೊನೆಯ ಪುಟಗಳನ್ನು ಕಣ್ಣುಮುಚ್ಚಿ ತುಂಬುತ್ತಾರೆ.

ಪಾಸಿಟಿವ್ ಬಂದ ಎಲ್ಲರಿಗೂ, ನೆಗೆಟಿವ್ ಬಂದವರಲ್ಲಿ ಹತ್ತಕ್ಕೊಬ್ಬರಿಗೂ ಕಾಯಿಲೆ ನಿಜವಾಗಿ ಇದೆಯೇ ಎಂದು ನೋಡುವ ಸಂದರ್ಶನ ಆಗಬೇಕು. ನೆಗೆಟಿವ್‌ನವರನ್ನು ಬಿಟ್ಟರೆ ಎಷ್ಟು ಮಂದಿ ಕೈತಪ್ಪಿದರು ಎಂದು ತಿಳಿಯುವುದೇ ಇಲ್ಲ. ಒಬ್ಬರಿಗೆ ಒಂದು ಗಂಟೆ ಇಟ್ಟುಕೊಳ್ಳಿ, ಮಾಡುವವರು ತರಬೇತಿ ಪಡೆದವರೇ ಆಗಿರಲಿ, ಅಂಕ ಅವರಿಗೆ ಗೊತ್ತಿರಬಾರದು. ನಿಮ್ಮ ಮೂರು ವಾರದಲ್ಲಿ ಇದು ಆಗುವುದಿಲ್ಲ, ಮೂರು ತಿಂಗಳು ಕೇಳಿ. ಸಿಗದಿದ್ದರೆ ಸ್ಕ್ರೀನಿಂಗ್‌ಗೆ ನಿಲ್ಲಿಸಿ, ಶೀರ್ಷಿಕೆಯೂ ಅಷ್ಟನ್ನೇ ಹೇಳಲಿ.

ಅಂಕ ಎಷ್ಟೇ ಇರಲಿ, ಕೆಲವರನ್ನು ಅದೇ ದಿನ ವೈದ್ಯರ ಬಳಿ ಕಳಿಸಬೇಕು: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 15ಕ್ಕಿಂತ ಕೆಳಗೆ, ತಲೆಸುತ್ತಿ ಬಿದ್ದವರು, ಕೂತಾಗ ನಾಡಿ 40ಕ್ಕಿಂತ ಕಡಿಮೆ, ದಿನಕ್ಕೆ ಹಲವು ಸಲ ವಾಂತಿ ಅಥವಾ ಭೇದಿ ಮಾತ್ರೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪಬಹುದು. ರಕ್ತ ಪರೀಕ್ಷೆ, ಇಸಿಜಿ ಕೂಡಲೇ ಆಗಬೇಕು. ಬಹಳ ದಿನ ಉಪವಾಸ ಬಿದ್ದವರಿಗೆ ರೂಮ್‌ಮೇಟ್‌ಗಳು ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸುವುದೂ ಅಪಾಯ, ರಕ್ತದಲ್ಲಿ ಫಾಸ್ಫರಸ್ ಕುಸಿಯುತ್ತದೆ. ಸಾಯುವ ಯೋಚನೆ ಹೇಳಿದವರನ್ನು ಒಂಟಿಯಾಗಿ ಬಿಡಬೇಡಿ. ಫಾರ್ಮ್ ತುಂಬಿದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡಿ: ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಪಾಸಿಟಿವ್ ಬಂದವರಿಗೆ ಮಾತ್ರ ಕೊಟ್ಟರೆ ಹಾಸ್ಟೆಲ್ಲಿನ ಕಾರಿಡಾರ್‌ನಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.