ಕಡಲಿಗೆ ಮೈನ್ ಬಿತ್ತಿದ ‘ಚಿನ್ನದ ಸಿಂಹ’

ಪ್ರಶ್ನೆ: ಎರಡು ಮಹಾಯುದ್ಧಗಳ ನಡುವೆ ಡಚ್ ನೌಕಾಪಡೆ ಇಂದಿನ ಇಂಡೋನೇಷ್ಯಾ ಆಗಿರುವ ಈಸ್ಟ್ ಇಂಡೀಸ್‌ನಲ್ಲಿ ‘ಗೌಡೆನ್ ಲೇವ್’ ಎಂಬ ಹಡಗನ್ನು ಮೈನ್ (ಹಡಗು ತಾಗಿದರೆ ಸಿಡಿಯುವ, ನೀರಡಿಯ ಸ್ಫೋಟಕ) ಹಾಕುವುದಕ್ಕೆಂದೇ ಇಟ್ಟುಕೊಂಡಿತ್ತಂತೆ. ಅದಕ್ಕೊಂದು ಪ್ರತ್ಯೇಕ ಹಡಗು ಏಕೆ ಬೇಕಿತ್ತು? ಕೊನೆಗೆ ಅದು ಏನಾಯಿತು?

ಉತ್ತರ: ಮೊದಲಿಗೆ ಹೆಸರು. ಈ ‘ಗೌಡೆನ್’ಗೂ ನಮ್ಮ ಗೌಡರಿಗೂ ನಂಟಿಲ್ಲ, ಡಚ್ ಭಾಷೆಯಲ್ಲಿ ‘ಗೌಡೆನ್ ಲೇವ್’ ಎಂದರೆ ‘ಚಿನ್ನದ ಸಿಂಹ’. 1932ರಲ್ಲಿ ಸೇವೆಗೆ ಸೇರಿದ ಈ ಹಡಗು ಮತ್ತು ಅದರ ಜೋಡಿ ‘ಪ್ರಿನ್ಸ್ ಫಾನ್ ಒರಾಂಯೆ’ ಎರಡೂ ಸುಮಾರು 1,300 ಟನ್ ತೂಕದ, 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ವೇಗದ ಸಾಧಾರಣ ಹಡಗುಗಳು. ಸಾವಿರಾರು ದ್ವೀಪಗಳ ವಸಾಹತನ್ನು ಕಾಯಲು ಬೇಕಾದಷ್ಟು ಯುದ್ಧನೌಕೆಗಳನ್ನು ಕಟ್ಟಿಸುವ ಶಕ್ತಿ ನೆದರ್ಲೆಂಡ್ಸ್‌ಗೆ ಇರಲಿಲ್ಲ. ತೈಲದ ತರಕಾನ್, ನೌಕಾನೆಲೆಯ ಸುರಬಾಯದಂತಹ ಬಂದರುಗಳ ಬಾಯಿಗೆ ಮೈನ್‌ಗಳ ಬೇಲಿ ಹಾಕುವುದು ಅದಕ್ಕಿಂತ ಎಷ್ಟೋ ಅಗ್ಗವಾಗಿತ್ತು.

ಮೈನ್ ಹಾಕುವುದೆಂದರೆ ನೀರಿಗೆ ಎತ್ತಿ ಎಸೆಯುವುದಲ್ಲ. ಡೆಕ್ಕಿನ ಮೇಲಿನ ಹಳಿಗಳಲ್ಲಿ ಗಾಲಿಯುಳ್ಳ ಲಂಗರಿನ ಸಮೇತ ಸಾಲಾಗಿ ನಿಂತ ಮೈನ್‌ಗಳನ್ನು, ಹಡಗು ಚಲಿಸುತ್ತಿರುವಾಗಲೇ, ಲೆಕ್ಕ ಹಾಕಿದ ಅಂತರಕ್ಕೊಂದರಂತೆ ಹಿಂಬದಿಯಿಂದ ಉರುಳಿಸಬೇಕು. ಲಂಗರು ತಳ ಸೇರುತ್ತದೆ. ಅದಕ್ಕೆ ಉಕ್ಕಿನ ಹಗ್ಗದಿಂದ ಬಿಗಿದ ಮೈನ್, ಮೇಲಿನಿಂದ ಕಣ್ಣಿಗೆ ಬೀಳದಷ್ಟು ಆಳದಲ್ಲಿ ತೇಲುತ್ತ ನಿಲ್ಲುತ್ತದೆ. ಅದರ ಮೈಮೇಲಿನ ಸೀಸದ ಕೊಂಬಿಗೆ ಹಡಗು ತಾಗಿದರೆ ಒಳಗಿನ ಗಾಜಿನ ನಳಿಗೆ ಒಡೆದು ಆಮ್ಲ ಹರಿಯುತ್ತದೆ, ಅದರಿಂದ ಹುಟ್ಟಿದ ವಿದ್ಯುತ್ತು ಸ್ಫೋಟಕವನ್ನು ಸಿಡಿಸುತ್ತದೆ. ಬಂದದ್ದು ಯಾರ ಹಡಗು ಎಂದು ಕೊಂಬು ಕೇಳುವುದಿಲ್ಲ.

ಶಾಂತಿಕಾಲದಲ್ಲಿ ಈ ಹಡಗಿಗೆ ಬಂದ ಒಂದು ಕೆಲಸ ವಿಚಿತ್ರವಾದದ್ದು. ಸಂಬಳ ಕಡಿತದಿಂದ ರೊಚ್ಚಿಗೆದ್ದ ನಾವಿಕರು 1933ರ ಫೆಬ್ರುವರಿಯಲ್ಲಿ ಸುಮಾತ್ರಾ ತೀರದಲ್ಲಿ ‘ಡೆ ಝೇವೆನ್ ಪ್ರೊವಿನ್ಸಿಯನ್’ ಎಂಬ ಯುದ್ಧನೌಕೆಯನ್ನು ವಶಪಡಿಸಿಕೊಂಡಾಗ, ಅದನ್ನು ಹಿಂಬಾಲಿಸಿದ ಸರ್ಕಾರಿ ಹಡಗುಗಳಲ್ಲಿ ಗೌಡೆನ್ ಲೇವ್ ಕೂಡ ಇತ್ತು. ಫೆಬ್ರುವರಿ 10ರಂದು ಡಚ್ ವಿಮಾನ ಹಾಕಿದ ಬಾಂಬಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತು ಆ ಬಂಡಾಯ ಮುಗಿಯಿತು.

ಎರಡನೇ ಮಹಾಯುದ್ಧ ಬಂದಾಗ ಪ್ರಿನ್ಸ್ ಫಾನ್ ಒರಾಂಯೆ ತರಕಾನ್‌ಗೆ ಮೈನ್ ಬೇಲಿ ಹಾಕಿತು. 1942ರ ಜನವರಿಯಲ್ಲಿ ಜಪಾನೀಯರು ಅಲ್ಲಿ ಇಳಿದಾಗ, ರಾತ್ರಿ ತಪ್ಪಿಸಿಕೊಳ್ಳಲು ಹೋಗಿ ‘ಯಾಮಾಕಾಜೆ’ ಎಂಬ ವಿಧ್ವಂಸಕ ನೌಕೆಯ ಗುಂಡಿಗೆ ಸಿಕ್ಕಿ ಮುಳುಗಿತು. ಗೌಡೆನ್ ಲೇವ್ ಬಿತ್ತಿದ್ದು ಫಲ ಕೊಟ್ಟ ಬಗೆಯಂತೂ ಇನ್ನೂ ಕಹಿ. ಅದು ಫೆಬ್ರುವರಿ 27ರಂದು ಜಾವಾದ ಟೂಬಾನ್ ಬಳಿ ಮೈನ್‌ಗಳನ್ನು ಹಾಕಿತು. ಅದೇ ರಾತ್ರಿ ಜಪಾನೀಯರ ವಿರುದ್ಧದ ಜಾವಾ ಸಮುದ್ರದ ಕಾಳಗದ ನಡುವೆ ಆ ದಾರಿಯಲ್ಲಿ ಬಂದ, ಡಚ್ಚರ ಪರವಾಗಿಯೇ ಹೋರಾಡುತ್ತಿದ್ದ ಬ್ರಿಟಿಷ್ ವಿಧ್ವಂಸಕ ನೌಕೆ ‘ಜೂಪಿಟರ್’ ಸ್ಫೋಟಕ್ಕೆ ಸಿಕ್ಕಿ ಕೆಲವು ಗಂಟೆಗಳಲ್ಲಿ ಮುಳುಗಿತು. ಮೊದಲಿಗೆ ಅದನ್ನು ಶತ್ರುವಿನ ಟಾರ್ಪೆಡೊ ಎಂದೇ ಭಾವಿಸಲಾಗಿತ್ತು.

ಮಾರ್ಚ್ 7ರಂದು, ಶತ್ರುವಿನ ಕೈಗೆ ಸಿಗಬಾರದೆಂದು ಡಚ್ಚರೇ ಗೌಡೆನ್ ಲೇವ್ ಹಡಗನ್ನು ಸುರಬಾಯದಲ್ಲಿ ಮುಳುಗಿಸಿದರು.