ಲಿಫ್ಟ್ ಬಾಗಿಲಿಗೆ ಕಣ್ಣಿದೆ, ಹಗ್ಗ ಕಾಣುವುದಿಲ್ಲ

ಈ ಸಲ ಬಂದ ಪ್ರಶ್ನೆಗಳೆಲ್ಲ ಲಿಫ್ಟ್ ಬಾಗಿಲಿನವೇ. ಉತ್ತರ ಕೊಡುವವರು ತುಮಕೂರಿನ ನಿವೃತ್ತ ಲಿಫ್ಟ್ ಮೆಕ್ಯಾನಿಕ್.

ಪ್ರಶ್ನೆ: ನಮ್ಮದು ಎಸ್‌ಐಟಿ ಬಡಾವಣೆಯ ಅಪಾರ್ಟ್‌ಮೆಂಟ್. ಸಂಜೆ ನಾಲ್ಕರ ಮೇಲೆ ನೆಲಮಹಡಿಯಲ್ಲಿ ಲಿಫ್ಟ್ ಬಾಗಿಲು ಮುಚ್ಚಲು ಹೋಗಿ ಮತ್ತೆ ತೆರೆದುಕೊಳ್ಳುತ್ತದೆ. ಅಡ್ಡ ಯಾರೂ ಇರುವುದಿಲ್ಲ. ಬೇರೆ ಮಹಡಿಗಳಲ್ಲಿ ತೊಂದರೆಯಿಲ್ಲ, ಬೆಳಿಗ್ಗೆಯೂ ಇಲ್ಲ. ಮೆಕ್ಯಾನಿಕ್ "ಸೆನ್ಸರ್ ಹೋಗಿದೆ, ಹೊಸದು ಬರೋವರೆಗೂ ಬೈಪಾಸ್ ಮಾಡ್ತೀನಿ" ಅಂತಿದ್ದಾರೆ. ಒಪ್ಪಬಹುದಾ ಸರ್?
— ಸಂಘದ ಕಾರ್ಯದರ್ಶಿ, ತುಮಕೂರು

ಉತ್ತರ: ಒಪ್ಪಬೇಡಿ. ಸೆನ್ಸರ್ ಹೋಗಿದೆ ಅಂತಲೂ ನನಗೆ ಅನ್ನಿಸುತ್ತಿಲ್ಲ. ಬಾಗಿಲಿನ ಎರಡು ಬದಿಯಲ್ಲಿ ನಿಂತಿರುವ ಆ ಕಪ್ಪು ಪಟ್ಟಿಗಳು ಲಿಫ್ಟ್ ಪೆಟ್ಟಿಗೆಯ ಜೊತೆಗೇ ಮೇಲೆ ಕೆಳಗೆ ಓಡಾಡುತ್ತವೆ. ಅವು ಕೆಟ್ಟಿದ್ದರೆ, ಅಥವಾ ದೂಳು ಹಿಡಿದಿದ್ದರೆ, ಎಲ್ಲ ಮಹಡಿಯಲ್ಲೂ ಕಾಟ ಕೊಡಬೇಕಿತ್ತು. ನೆಲಮಹಡಿಯಲ್ಲಿ ಮಾತ್ರ, ಅದೂ ಸಂಜೆ ಮಾತ್ರ ಅಂದರೆ ನನಗೆ ಅನುಮಾನ ಬಿಸಿಲಿನ ಮೇಲೆ. ನಿಮ್ಮ ಮುಂಬಾಗಿಲು ಪಡುವಣಕ್ಕೆ ಇದೆಯಾ ನೋಡಿ.

ಆ ಪಟ್ಟಿಗಳಿಗೆ ನಾವು ಲೈಟ್ ಕರ್ಟನ್ ಅನ್ನುತ್ತೇವೆ. ಒಂದರಲ್ಲಿ ಸಾಲಾಗಿ ಸಣ್ಣ ಸಣ್ಣ ಇನ್‌ಫ್ರಾರೆಡ್ ಎಲ್‌ಇಡಿಗಳು, ಎದುರಿನದರಲ್ಲಿ ಆ ಬೆಳಕನ್ನು ಹಿಡಿಯುವ ಡಯೋಡ್‌ಗಳು. ಎಲ್‌ಇಡಿಗಳು ಒಂದಾದ ಮೇಲೊಂದು ಮಿನುಗುತ್ತವೆ. ಒಂದೊಂದರ ಬೆಳಕನ್ನೂ ನೇರ ಎದುರಿನ ಡಯೋಡ್ ಅಲ್ಲದೆ ಅದರ ಮೇಲಿನ ಎರಡು, ಕೆಳಗಿನ ಎರಡು ಡಯೋಡ್‌ಗಳೂ ನೋಡುತ್ತವೆ. ಹಾಗಾಗಿ 32 ಎಲ್‌ಇಡಿ ಇರುವ ಪಟ್ಟಿಗೆ 154 ಕಿರಣಗಳಾಗುತ್ತವೆ. ಯಾವುದೇ ಕಿರಣ ಎದುರು ಬದಿ ತಲುಪದಿದ್ದರೆ ಯಾರೋ ಅಡ್ಡ ಇದ್ದಾರೆ ಅಂತ ಲೆಕ್ಕ. ಬಾಗಿಲು ತೆರೆಯುತ್ತದೆ. ಓರೆ ಬಿಸಿಲು ನೇರವಾಗಿ ಡಯೋಡ್‌ಗಳ ಮೇಲೆ ಬಿದ್ದರೆ ಅವಕ್ಕೆ ಈ ಮಿನುಗು ಗೊತ್ತಾಗುವುದಿಲ್ಲ. ಆಗಲೂ ಬಾಗಿಲು ತೆರೆದುಕೊಳ್ಳುತ್ತದೆ. ಅನುಮಾನ ಬಂದಾಗ ತೆರೆಯಬೇಕು ಅಂತಲೇ ಅದನ್ನು ಮಾಡಿರುವುದು. ನಿಮ್ಮ ಸೆನ್ಸರ್ ತನ್ನ ಕೆಲಸ ಮಾಡುತ್ತಿದೆ, ಅಷ್ಟೇ.

ನಾಳೆ ಸಂಜೆ ಬಾಗಿಲು ಹಟ ಮಾಡುವಾಗ ಒಂದು ದೊಡ್ಡ ರಟ್ಟು ಹಿಡಿದು ಬಿಸಿಲು ಮರೆ ಮಾಡಿ. ರಟ್ಟು ಬಾಗಿಲಿನ ನಡುವೆ ಬರಬಾರದು, ಹೊರಗಿರಬೇಕು. ಬಾಗಿಲು ಸಲೀಸಾಗಿ ಮುಚ್ಚಿತಾ? ಹಾಗಾದರೆ ಹೊಸ ಸೆನ್ಸರ್ ದುಡ್ಡು ಉಳಿಯಿತು. ಮುಂಬಾಗಿಲಿಗೆ ಒಂದು ಪರದೆಯೋ ಚಜ್ಜವೋ ಹಾಕಿಸಿ. ಇಲ್ಲವೇ ಎಲ್‌ಇಡಿ ಪಟ್ಟಿ ಮತ್ತು ಡಯೋಡ್ ಪಟ್ಟಿಯನ್ನು ಅದಲು ಬದಲು ಮಾಡಿಸಿ. ಬಿಸಿಲು ಎಲ್‌ಇಡಿ ಮೇಲೆ ಬಿದ್ದರೆ ಏನೂ ಆಗುವುದಿಲ್ಲ.

ಇನ್ನು ಬೈಪಾಸ್. ಒಂದು ತುಂಡು ವೈರ್‌ನಿಂದ "ಅಡ್ಡ ಯಾರೂ ಇಲ್ಲ" ಅಂತ ಕಂಟ್ರೋಲರ್‌ಗೆ ಸುಳ್ಳು ಹೇಳುವ ಕೆಲಸ ಅದು. ಬಾಗಿಲು ಮುಚ್ಚುವ ಬಲ 150 ನ್ಯೂಟನ್ ಮೀರಬಾರದು ಅಂತ ನಿಯಮವಿದೆ. ಅಂದರೆ ಸುಮಾರು 15 ಕಿಲೋ ಭಾರದಷ್ಟು. ನಿಮಗೆ ನನಗೆ ಅದು ಬರೀ ತಳ್ಳು. ವಾಕಿಂಗ್ ಸ್ಟಿಕ್ ಹಿಡಿದ ಅಜ್ಜಿಯನ್ನು ಬೀಳಿಸಲು ಸಾಕು. ಸೆನ್ಸರ್ ಇಲ್ಲದೆ ಬಾಗಿಲು ಮುಚ್ಚಲೇಬೇಕಾದರೆ ವೇಗ ಕಡಿಮೆ ಮಾಡಿ, ಬಜರ್ ಕೂಗಿಸಿ ಮುಚ್ಚಬೇಕು. ತುಂಡು ವೈರ್ ಇದ್ಯಾವುದನ್ನೂ ಮಾಡುವುದಿಲ್ಲ. "ಬರೋವರೆಗೂ" ಅಂತ ಹಾಕಿದ ವೈರ್ ವರ್ಷಗಟ್ಟಲೆ ಹಾಗೇ ಇರುವುದನ್ನು ನೋಡಿದ್ದೇನೆ. ಅಷ್ಟು ಅರ್ಜೆಂಟ್ ಇದ್ದರೆ ಸಂಜೆ ಲಿಫ್ಟ್ ನಿಲ್ಲಿಸಿ. ನಾಲ್ಕು ಜನ ಬೈಯಲಿ, ಪರವಾಗಿಲ್ಲ.

ಪ್ರಶ್ನೆ: ನನ್ನ ಮಗ ಮುಚ್ಚುತ್ತಿರುವ ಬಾಗಿಲಿಗೆ ಕೈ ಅಡ್ಡ ಹಿಡಿದು ಆಟ ಆಡುತ್ತಾನೆ. "ಸೆನ್ಸರ್ ಇದೆಯಲ್ಲಮ್ಮ" ಅನ್ನುತ್ತಾನೆ. ನಾಯಿಯನ್ನೂ ಅವನೇ ಕೆಳಗೆ ಕರೆದುಕೊಂಡು ಹೋಗುವುದು. ಆ ಬೆಳಕು ಕಣ್ಣಿಗೆ ಕೆಟ್ಟದ್ದಾ?
— ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಕಣ್ಣಿಗೆ ಏನೂ ಆಗುವುದಿಲ್ಲ ತಾಯಿ. ಟಿವಿ ರಿಮೋಟ್‌ನಲ್ಲಿ ಇರುವುದೂ ಇನ್‌ಫ್ರಾರೆಡ್ಡೇ.

ಕೈ ವಿಷಯಕ್ಕೆ ಬರೋಣ. 2022ರಲ್ಲಿ ಬಂದ ಭಾರತೀಯ ಮಾನಕ ಐಎಸ್ 17900 ಪ್ರಕಾರ ಹೊಸಿಲಿನಿಂದ 25 ಮಿಲಿಮೀಟರ್ ಎತ್ತರದಿಂದ 1,600 ಮಿಲಿಮೀಟರ್‌ವರೆಗೆ ಸೆನ್ಸರ್ ಕಾವಲಿರಬೇಕು. 50 ಮಿಲಿಮೀಟರ್ ದಪ್ಪದ ವಸ್ತು ಅದಕ್ಕೆ ಕಾಣಬೇಕು. ಅಂದರೆ ಎರಡು ಇಂಚು. ನಿಮ್ಮ ಮಗನ ಬೆರಳು ಎರಡು ಇಂಚು ದಪ್ಪ ಇಲ್ಲ ಅಲ್ವಾ? ಸಾಲದ್ದಕ್ಕೆ, ಬಾಗಿಲು ಮುಚ್ಚಲು ಕೊನೆಯ 20 ಮಿಲಿಮೀಟರ್ ಉಳಿದಾಗ ಸೆನ್ಸರ್ ಮಾತನ್ನು ಕೇಳದಿರಲು ನಿಯಮದಲ್ಲೇ ಅವಕಾಶವಿದೆ.

ನನಗೆ ಜಾಸ್ತಿ ಭಯ ನಾಯಿಯ ಹಗ್ಗದ್ದು. ನಾಯಿ ಒಳಗೆ, ಹುಡುಗ ಹೊರಗೆ, ನಡುವೆ ಅಡ್ಡಲಾಗಿ ತೆಳು ಹಗ್ಗ. ಎರಡು ಕಿರಣಗಳ ಸಂದಿಯಲ್ಲಿ ಅದು ಆರಾಮಾಗಿ ಕೂರುತ್ತದೆ. ಬಾಗಿಲು ಮುಚ್ಚುತ್ತದೆ, ಲಿಫ್ಟ್ ಹೊರಡುತ್ತದೆ. ಆಮೇಲೆ ಏನಾಗುತ್ತದೆ ಅಂತ ಬರೆಯುವುದಿಲ್ಲ. ನಾಯಿಯನ್ನು ಎತ್ತಿಕೊಳ್ಳಲಿ, ದೊಡ್ಡದಾದರೆ ಕತ್ತಿನ ಪಟ್ಟಿಯನ್ನೇ ಹಿಡಿದು ಜೊತೆಗೇ ಒಳಗೆ ಹೋಗಲಿ. ಹೆಗಲ ಮೇಲಿನ ದುಪಟ್ಟಾಕ್ಕೂ ಇದೇ ಮಾತು.

ಇನ್ನೊಂದು. ತೆರೆಯುತ್ತಿರುವ ಬಾಗಿಲಿಗೆ ಅಂಗೈ ಒತ್ತಿ ನಿಲ್ಲುವ ಮಕ್ಕಳಿದ್ದಾರೆ. ಬಾಗಿಲು ಚೌಕಟ್ಟಿನೊಳಗೆ ಸರಿಯುವಾಗ ಬೆರಳನ್ನೂ ಎಳೆದುಕೊಳ್ಳುತ್ತದೆ. ಆ ಕಡೆ ಲೈಟ್ ಕರ್ಟನ್‌ಗೆ ಕಣ್ಣೇ ಇಲ್ಲ. ಬಾಗಿಲು ನಿಲ್ಲಿಸಬೇಕಾದರೆ ಒಳಗಿನ ಗುಂಡಿ ಒತ್ತಲು ಹೇಳಿಕೊಡಿ.

ಪ್ರಶ್ನೆ: ನಮ್ಮ ಹಳೆಯ ಕಟ್ಟಡದ ಲಿಫ್ಟ್‌ಗೆ ಕೈಯಿಂದ ಎಳೆಯುವ ಕಬ್ಬಿಣದ ಜಾಲರಿ ಗೇಟು. ಅದಕ್ಕೆ ಸೆನ್ಸರ್ ಕೂರಿಸಬಹುದೇ?
— ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಕೂರಿಸಬಹುದು, ಉಪಯೋಗವಿಲ್ಲ. ಸೆನ್ಸರ್ "ತೆರೆ" ಅಂದರೆ ತೆರೆಯಲು ಮೋಟಾರ್ ಬೇಕಲ್ಲ. ನಿಮ್ಮೂರಿನ ಚಿನ್ನದ ಗಣಿ 2001ರಲ್ಲಿ ಮುಚ್ಚುವ ತನಕ ಜನ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್ ಪಂಜರದಲ್ಲಿ, ಇಳಿದು ಹತ್ತಿದ್ದು ಗಂಟೆಯ ಸನ್ನೆಯ ಮೇಲೆ. ಅಲ್ಲಿ ಗಂಟೆ ಬಾರಿಸಲು ಒಬ್ಬ ಮನುಷ್ಯ ಇರುತ್ತಿದ್ದ. ನಿಮ್ಮ ಲಿಫ್ಟ್‌ನಲ್ಲಿ ಯಾರೂ ಇಲ್ಲ. ಜಾಲರಿ ತೆಗೆಸಿ, ಮೋಟಾರ್ ಇರುವ ತಗಡಿನ ಬಾಗಿಲು ಹಾಕಿಸಿ, ಸೆನ್ಸರ್ ಅದರ ಜೊತೆಗೇ ಬರಲಿ. ಕೆಲಸಕ್ಕೆ ಮೊದಲು ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ, ಲಿಫ್ಟ್ ಲೈಸೆನ್ಸ್ ಕೊಡುವವರು ಅವರೇ. ಅಲ್ಲಿಯವರೆಗೆ ಗೇಟು ಅರ್ಧ ತೆರೆದಾಗ ಲಿಫ್ಟ್ ಅಲುಗಾಡುತ್ತದೆಯೇ ಅಂತ ಮೆಕ್ಯಾನಿಕ್ ಎದುರಿಗೇ ನೋಡಿಸಿ. ಅಲುಗಾಡಿದರೆ ಅವತ್ತೇ ಮೇನ್ ಸ್ವಿಚ್ ಆಫ್ ಮಾಡಿಸಿ.